ಹಿಮಾಲಯ ತೇಲುತ್ತಿದೆ ಎಂಬ ಸುಳಿವು ಕೊಟ್ಟ ತೂಗುಗುಂಡು

ಗೋಡೆ ಎಬ್ಬಿಸುವ ಮೇಸ್ತ್ರಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರೆ. ಗುಂಡು ಅಲ್ಲಾಡದೆ ನಿಂತಾಗ ದಾರ ತೋರಿಸುವುದೇ ನೇರ. ಅದರ ಮೇಲೆ ಯಾರೂ ಅನುಮಾನ ಪಡುವುದಿಲ್ಲ. ಆದರೆ ಗುಂಡನ್ನು ಎಳೆಯುವುದು ಭೂಮಿ. ಪಕ್ಕದಲ್ಲಿ ದೊಡ್ಡ ಬೆಟ್ಟವಿದ್ದರೆ ಅದೂ ಒಂದಿಷ್ಟು ಎಳೆಯುತ್ತದೆ. ಮನೆ ಕಟ್ಟುವವರಿಗೆ ಇದು ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಇಡೀ ದೇಶ ಅಳೆಯಲು ಹೊರಟವರಿಗೆ ಮಾತ್ರ ಇದು ದೊಡ್ಡ ತಲೆನೋವಾಯಿತು.

ಆ ಅಳತೆ ಶುರುವಾದದ್ದು ನಮ್ಮ ಕಡೆಯೇ. 1799ರ ಶ್ರೀರಂಗಪಟ್ಟಣ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ, ಮರುವರ್ಷವೇ ಬೆಂಗಳೂರಿನ ಹತ್ತಿರ ಸರಪಳಿ ಹಾಸಿ ನೆಲ ಅಳೆದ. 1802ರಲ್ಲಿ ಮದರಾಸಿನಿಂದ ದೊಡ್ಡ ಸರ್ವೆ ಆರಂಭಿಸಿದ. ತ್ರಿಕೋನಗಳ ಸಾಲು ದಕ್ಷಿಣದ ತುದಿಯಿಂದ ಹಿಮಾಲಯದ ಬುಡದವರೆಗೆ ಬೆಳೆಯಿತು. 1823ರಲ್ಲಿ ಲ್ಯಾಂಬ್ಟನ್ ಕೆಲಸದ ನಡುವೆಯೇ ತೀರಿಕೊಂಡ. ಮುಂದಿನದನ್ನು ಜಾರ್ಜ್ ಎವರೆಸ್ಟ್ ವಹಿಸಿಕೊಂಡ. ಕಾಡುಜ್ವರಕ್ಕೆ ಸತ್ತ ಸರ್ವೆ ಕೂಲಿಗಳು, ಸಿಪಾಯಿಗಳು ಬಹಳ ಮಂದಿ. ನಕ್ಷೆಯ ಮೇಲೆ ಅವರ ಗುರುತಿಲ್ಲ.

ತಕರಾರು ಎದ್ದದ್ದು ಎರಡು ಊರುಗಳ ನಡುವೆ. ಒಂದು ಮಧ್ಯ ಭಾರತದ ಕಲ್ಯಾಣಪುರ. ಇನ್ನೊಂದು ಅಲ್ಲಿಂದ ಉತ್ತರಕ್ಕೆ ಸುಮಾರು 600 ಕಿ.ಮೀ. ದೂರದ, ಹಿಮಾಲಯದ ಕಡೆಗಿರುವ ಕಲಿಯಾನ. ಎರಡರ ಅಂತರವನ್ನು ಎರಡು ರೀತಿಯಲ್ಲಿ ತೆಗೆದರು. ಒಂದು, ನೆಲದ ಮೇಲಿನ ತ್ರಿಕೋನ ಲೆಕ್ಕ. ಇನ್ನೊಂದು, ನಕ್ಷತ್ರ ನೋಡಿ ಅಕ್ಷಾಂಶ ಹಿಡಿಯುವ ಲೆಕ್ಕ. ನಕ್ಷತ್ರ ನೋಡುವ ಯಂತ್ರವನ್ನು ನೇರ ನಿಲ್ಲಿಸಲು ತೂಗುಗುಂಡನ್ನೇ ನಂಬಬೇಕು. ಎರಡೂ ಲೆಕ್ಕ ಹೊಂದಲಿಲ್ಲ. ವ್ಯತ್ಯಾಸ 5.236 ಸೆಕೆಂಡು. ಇದು ಗಡಿಯಾರದ ಸೆಕೆಂಡಲ್ಲ, ಕೋನದ ಅಳತೆ. ನೆಲದ ಮೇಲೆ ಹೇಳುವುದಾದರೆ ಸುಮಾರು 160 ಮೀಟರ್.

600 ಕಿ.ಮೀ.ಗೆ 160 ಮೀಟರ್ ಏನು ಮಹಾ ಅನ್ನಬಹುದು. ಎವರೆಸ್ಟ್ ಕೂಡ ಅದು ಅಳತೆಯ ಸಣ್ಣ ದೋಷವೆಂದು ತಿಳಿದು, ಉಳಿದ ಲೆಕ್ಕಗಳಿಗೆಲ್ಲ ಹಂಚಿ ಸರಿಮಾಡಿದ. ಕಲ್ಕತ್ತೆಯಲ್ಲಿದ್ದ ಜಾನ್ ಹೆನ್ರಿ ಪ್ರಾಟ್ ಎಂಬ ಪಾದ್ರಿ ಇದನ್ನು ಒಪ್ಪಲಿಲ್ಲ. ಆತ ಗಣಿತ ಬಲ್ಲವ. ಹಿಮಾಲಯ ಗುಂಡನ್ನು ತನ್ನ ಕಡೆ ಎಳೆದಿದೆ, ಹತ್ತಿರದ ಕಲಿಯಾನದಲ್ಲಿ ಹೆಚ್ಚು, ದೂರದ ಕಲ್ಯಾಣಪುರದಲ್ಲಿ ಕಡಿಮೆ ಎಂದ. ಬೆಟ್ಟಗಳ ಗಾತ್ರ ಅಂದಾಜು ಮಾಡಿ ಎಷ್ಟು ಎಳೆಯಬೇಕೆಂದು ಲೆಕ್ಕವನ್ನೂ ಹಾಕಿದ. ಬಂದ ಉತ್ತರ 15.885 ಸೆಕೆಂಡು, ಅಂದರೆ ಕಂಡದ್ದರ ಮೂರರಷ್ಟು! ಕಾರಣ ಸಿಕ್ಕಿತು, ಆದರೆ ಅಷ್ಟು ದೊಡ್ಡ ಪರ್ವತ ಯಾಕೆ ಇಷ್ಟೇ ಎಳೆಯುತ್ತಿದೆ ಎಂಬ ಹೊಸ ಪ್ರಶ್ನೆ ಹುಟ್ಟಿತು.

ಉತ್ತರ ಕೊಟ್ಟವನು ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ, 1855ರಲ್ಲಿ. ಆತ ತೋರಿಸಿದ್ದು ನೀರಿನ ಮೇಲೆ ತೇಲುವ ಮರದ ದಿಮ್ಮಿಗಳನ್ನು. ಕೆರೆಯಲ್ಲಿ ದಿಮ್ಮಿ ಬಿಟ್ಟು ನೋಡಿ. ತೇಲುವ ವಸ್ತು ತನ್ನ ತೂಕಕ್ಕೆ ಸಮನಾದ ನೀರನ್ನು ಪಕ್ಕಕ್ಕೆ ತಳ್ಳುವವರೆಗೆ ಮುಳುಗುತ್ತದೆ. ಹಾಗಾಗಿ ಯಾವ ದಿಮ್ಮಿ ಹೆಚ್ಚು ದಪ್ಪವೋ ಅದು ನೀರಿನ ಮೇಲೂ ಹೆಚ್ಚು ಕಾಣುತ್ತದೆ, ಕೆಳಗೂ ಹೆಚ್ಚು ಇಳಿದಿರುತ್ತದೆ. ಭೂಮಿಯ ಮೇಲ್ತೊಗಟೆಯೂ ಹೀಗೆಯೇ, ತನಗಿಂತ ಭಾರವಾದ ಒಳಪದರದ ಮೇಲೆ ತೇಲುತ್ತಿದೆ ಎಂದ ಏರಿ. ಎತ್ತರದ ಪರ್ವತಕ್ಕೆ ಆಳದ ಬೇರು. ಆ ಬೇರು ಹಗುರ ಕಲ್ಲು. ಅದು ಇರುವ ಜಾಗದಲ್ಲಿ ಭಾರದ ಕಲ್ಲು ಇಲ್ಲ. ಮೇಲೆ ಕಾಣುವ ಬೆಟ್ಟದ ಎಳೆತವನ್ನು ಕೆಳಗಿನ ಈ ಕೊರತೆ ಬಹುಪಾಲು ಸರಿದೂಗಿಸುತ್ತದೆ.

ಒಳಪದರ ನೀರಿನಂತೆ ದ್ರವ ಅಂತಲ್ಲ. ಅದು ಗಟ್ಟಿ ಕಲ್ಲೇ, ಆದರೆ ಲಕ್ಷಾಂತರ ವರ್ಷಗಳಲ್ಲಿ ಬಿಸಿ ಬೆಲ್ಲದಂತೆ ನಿಧಾನ ಹರಿಯುತ್ತದೆ. ಪ್ರಾಟ್ ಬೇರಿನ ಮಾತನ್ನು ಒಪ್ಪದೆ, ಪರ್ವತದ ಕೆಳಗಿನ ಕಲ್ಲೇ ಹಗುರ ಎಂದು ಬೇರೆ ವಾದ ಮಂಡಿಸಿದ. ಹಿಮಾಲಯದ ಮಟ್ಟಿಗೆ ಏರಿ ಹೇಳಿದ್ದೇ ಸತ್ಯಕ್ಕೆ ಹತ್ತಿರ. ಅಲ್ಲಿ ತೊಗಟೆಯ ದಪ್ಪ ಸುಮಾರು 70 ಕಿ.ಮೀ. ನಮ್ಮ ಕರ್ನಾಟಕದ ಕೆಳಗೆ ಅಷ್ಟಿಲ್ಲ.

ಇದನ್ನು ಪರೀಕ್ಷಿಸಲು ಇನ್ನೊಂದು ದಾರಿ ಇತ್ತು, ಲೋಲಕ. ಒಂದೇ ಉದ್ದದ ಎರಡು ದಾರಕ್ಕೆ ಒಂದು ಸಣ್ಣ ಕಲ್ಲು, ಒಂದು ದೊಡ್ಡ ಕಲ್ಲು ಕಟ್ಟಿ ತೂಗಿಬಿಡಿ. ಎರಡೂ ಜೊತೆಯಾಗೇ ತೂಗುತ್ತವೆ. ಕಲ್ಲಿನ ತೂಕ ಮುಖ್ಯವಲ್ಲ, ಭೂಮಿ ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದೇ ಮುಖ್ಯ. ಎಳೆತ ಕಡಿಮೆಯಾದ ಜಾಗದಲ್ಲಿ ಲೋಲಕ ನಿಧಾನ. ಈ ಎಳೆತ ಎಲ್ಲ ಕಡೆ ಒಂದೇ ಅಲ್ಲ. ಭೂಮಧ್ಯರೇಖೆಯಲ್ಲಿ ಸ್ಪ್ರಿಂಗ್ ತಕ್ಕಡಿಗೆ ಹಾಕಿದ ಒಂದು ಕ್ವಿಂಟಾಲ್ ಜೋಳ, ಅದೇ ತಕ್ಕಡಿಯಲ್ಲಿ ಧ್ರುವದ ಬಳಿ ಅರ್ಧ ಕಿಲೋ ಹೆಚ್ಚು ತೋರಿಸುತ್ತದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಈ ವ್ಯತ್ಯಾಸ ಕಾಣದು, ಯಾಕೆಂದರೆ ತೂಕದ ಕಲ್ಲೂ ಅಷ್ಟೇ ಭಾರವಾಗಿರುತ್ತದೆ. (ಹಾಗಾಗಿ ಮೋಸ ಮಾಡುವ ವ್ಯಾಪಾರಿಗೆ ಇದರಿಂದ ಉಪಯೋಗವಿಲ್ಲ.)

1865ರಿಂದ ಕ್ಯಾಪ್ಟನ್ ಜೇಮ್ಸ್ ಬಸೇವಿ ಲೋಲಕಗಳನ್ನು ಹೊತ್ತು ದೇಶ ಸುತ್ತಿದ. ಗಾಳಿಯೂ ನೀರಿನಂತೆಯೇ ವಸ್ತುವನ್ನು ಒಂದಿಷ್ಟು ಮೇಲೆತ್ತುತ್ತದೆ, ಅದರಿಂದ ಲೋಲಕದ ಲೆಕ್ಕ ಕೆಡುತ್ತದೆ. ಅದಕ್ಕಾಗಿ ಗಾಳಿ ಹೊರತೆಗೆದ ಪಾತ್ರೆಯೊಳಗೆ ತೂಗಿಸಿ, ಗಂಟೆಗಟ್ಟಲೆ ಕೂತು ಎಣಿಸಬೇಕಿತ್ತು. 1871ರಲ್ಲಿ ಲಡಾಖಿನ ಮೋರೆ ಬಯಲಿಗೆ, 15,000 ಅಡಿಗೂ ಮೇಲೆ, ಹತ್ತಿದ. ಅಲ್ಲಿ ಎಳೆತ ಎಣಿಸಿದ್ದಕ್ಕಿಂತ ಕಡಿಮೆ ಬಂತು. ಎತ್ತರದ ಲೆಕ್ಕ, ಸುತ್ತಲಿನ ಬೆಟ್ಟದ ಲೆಕ್ಕ ಎಲ್ಲ ಸೇರಿಸಿದರೂ ಕಡಿಮೆಯೇ. ಕೆಳಗೆ ಭಾರ ಕಡಿಮೆಯಿದೆ ಎಂಬುದಕ್ಕೆ ಇದು ಇನ್ನೊಂದು ಸಾಕ್ಷಿ. ಆ ಚಳಿಯಲ್ಲಿ ಕಾಯಿಲೆ ಬಿದ್ದ ಬಸೇವಿ ಜುಲೈ 17ರಂದು ತೀರಿಕೊಂಡ. ಅವನಿಗೆ ಆಗ 40 ವರ್ಷವೂ ಆಗಿರಲಿಲ್ಲ. ಪ್ರಾಟ್ ಸತ್ತದ್ದೂ ಅದೇ ವರ್ಷ. ವ್ಯತ್ಯಾಸವನ್ನು ದೋಷವೆಂದು ಹಂಚಿಬಿಟ್ಟ ಎವರೆಸ್ಟ್ ಹೆಸರು 1865ರಲ್ಲೇ ಶಿಖರಕ್ಕೆ ಸಿಕ್ಕಿತ್ತು. ಬಸೇವಿ ಬಿಟ್ಟುಹೋದ ಲೋಲಕಗಳನ್ನು ಹೆವಿಸೈಡ್ ಎಂಬ ಇನ್ನೊಬ್ಬ ಅಧಿಕಾರಿ ಎತ್ತಿಕೊಂಡು, ಉಳಿದ ಎಣಿಕೆ ಮುಗಿಸಿ, ಇಂಗ್ಲೆಂಡಿಗೆ ಮರಳಿಸಿದ.