ಬಿಸಿಲೇರಿದಂತೆ ಕೇಬಲ್ ಕವಚ ಸೋಲುವುದೇಕೆ?

ಬೈಲಹೊಂಗಲ: ಬೈಲಹೊಂಗಲ, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಎರೆಭೂಮಿಯಲ್ಲಿ ಬೇಸಿಗೆ ಬಂತೆಂದರೆ ಮೋಟಾರು ಸುಡುವುದು, ಕೇಬಲ್ ಸಿಡಿಯುವುದು ರೈತರಿಗೆ ಹೊಸ ಸುದ್ದಿಯಲ್ಲ. ಮಲೆನಾಡಿನ ಸೆರಗಿಗೆ ಸಮೀಪವಿರುವ ಕಿತ್ತೂರಿಗೂ ಈ ತಾಪತ್ರಯ ತಪ್ಪಿದ್ದಲ್ಲ. ದೂರು ಸಾಮಾನ್ಯವಾಗಿ ವೋಲ್ಟೇಜ್ ಏರಿಳಿತದ ಮೇಲೆ, ಇಲ್ಲವೇ ಅತಿಯಾದ ಲೋಡ್ ಮೇಲೆ ಬರುತ್ತದೆ. ಅವುಗಳ ಪಾಲೂ ಇದೆ, ನಿಜ. ಆದರೆ ತಂತಿಯ ಸುತ್ತಲಿನ ಪ್ಲಾಸ್ಟಿಕ್ ಕವಚವೇ ಬಿಸಿಯಲ್ಲಿ ದುರ್ಬಲವಾಗುತ್ತದೆ ಎಂಬ ಸಂಗತಿ ಚರ್ಚೆಗೆ ಬರುವುದು ವಿರಳ.

ಪಿವಿಸಿ, ಪಾಲಿಎಥಿಲೀನ್, ಎಪಾಕ್ಸಿ ಇವೆಲ್ಲವೂ ಪಾಲಿಮರ್‌ಗಳು. ಅಂದರೆ ಉದ್ದನೆಯ ಅಣುಸರಪಳಿಗಳು. ವಿದ್ಯುತ್ತನ್ನು ತಡೆಹಿಡಿಯುವ ಇವುಗಳ ಶಕ್ತಿಗೆ ಒಂದು ಮಿತಿಯುಂಟು. ಅದು ಮೀರಿದೊಡನೆ ಕವಚದಲ್ಲಿ ಸೂಜಿರಂಧ್ರದಂತಹ ದಾರಿ ಬಿದ್ದು ವಿದ್ಯುತ್ ಹೊರನುಗ್ಗುತ್ತದೆ. ಇದನ್ನೇ ತಂತ್ರಜ್ಞರು ‘ಬ್ರೇಕ್‌ಡೌನ್’ ಎನ್ನುತ್ತಾರೆ. ಘನವಸ್ತುವಿನಲ್ಲಿ ಒಮ್ಮೆ ಹೀಗಾದರೆ ಮತ್ತೆ ಕೂಡಿಕೊಳ್ಳದು.

ಎಷ್ಟೇ ಉತ್ತಮ ಕವಚದಲ್ಲೂ ಅತ್ಯಲ್ಪ ವಿದ್ಯುತ್ ಸೋರುತ್ತಲೇ ಇರುತ್ತದೆ. ತಾಪಮಾನ ಏರಿದಂತೆ ಈ ಸೋರಿಕೆ ಗುಣೋತ್ತರವಾಗಿ ಹೆಚ್ಚುತ್ತದೆ. ಸೋರಿಕೆಯಿಂದ ಮತ್ತಷ್ಟು ಬಿಸಿ, ಬಿಸಿಯಿಂದ ಮತ್ತಷ್ಟು ಸೋರಿಕೆ. ಹುಟ್ಟುವ ಶಾಖವು ಹೊರಹೋಗುವ ಶಾಖವನ್ನು ಮೀರಿದ ಕ್ಷಣದಿಂದ ಕವಚ ತನ್ನನ್ನು ತಾನೇ ಬೇಯಿಸಿಕೊಳ್ಳತೊಡಗುತ್ತದೆ. ಇದರ ಜತೆಗೆ ಮೆತ್ತಗಾಗುವ ಸಮಸ್ಯೆಯೂ ಇದೆ. ವಿದ್ಯುತ್ ಕ್ಷೇತ್ರವು ಕವಚವನ್ನು ಎರಡೂ ಬದಿಯಿಂದ ಹಿಂಡುತ್ತದೆ. ಬಿಸಿಗೆ ಮೆದುವಾದ ಪಾಲಿಎಥಿಲೀನ್ ಆ ಹಿಂಡುವಿಕೆಗೆ ತೆಳುವಾಗಿ ಕುಸಿಯುತ್ತದೆ. ಸ್ಟಾರ್ಕ್ ಮತ್ತು ಗಾರ್ಟನ್ ಇದನ್ನು 1955ರಲ್ಲೇ ವಿವರಿಸಿದ್ದರು.

ಭಾರತೀಯ ಮಾನಕಗಳಲ್ಲಿ ಕೇಬಲ್‌ನ ಸಾಮರ್ಥ್ಯವನ್ನು ಗಾಳಿಯಲ್ಲಿ 40 ಡಿಗ್ರಿ, ನೆಲದಡಿ 30 ಡಿಗ್ರಿ ಸೆಲ್ಸಿಯಸ್ ಇದೆಯೆಂದು ಭಾವಿಸಿ ಹೇಳಲಾಗುತ್ತದೆ. ಸಾಮಾನ್ಯ ಪಿವಿಸಿ ಕೇಬಲ್‌ನ ತಂತಿ 70 ಡಿಗ್ರಿಯನ್ನು, ಎಕ್ಸ್‌ಎಲ್‌ಪಿಇ ಕೇಬಲ್‌ನ ತಂತಿ 90 ಡಿಗ್ರಿಯನ್ನು ದಾಟುವಂತಿಲ್ಲ. ಬಿಸಿಲಿಗೆ ಬಿದ್ದ ಕೇಬಲ್‌ನ ಸುತ್ತಲಿನ ತಾಪ 50 ಡಿಗ್ರಿಗೇರಿದರೆ, ಪಿವಿಸಿ ಕೇಬಲ್ ಹೊರಬಲ್ಲ ಕರೆಂಟ್ ಸುಮಾರು ಶೇ 18ರಷ್ಟು, ಎಕ್ಸ್‌ಎಲ್‌ಪಿಇಯದು ಸುಮಾರು ಶೇ 11ರಷ್ಟು ಇಳಿಯುತ್ತದೆ. ಪಂಪಿನ ಅಗತ್ಯ ಮಾತ್ರ ಇಳಿಯುವುದಿಲ್ಲ! ಹೂತಿಟ್ಟರೆ ಚಿಂತೆಯಿಲ್ಲ ಎನ್ನುವಂತೆಯೂ ಇಲ್ಲ. ಒಣಗಿ ಬಿರುಕುಬಿಟ್ಟ ಎರೆಮಣ್ಣು ಶಾಖವನ್ನು ಸಾಗಿಸದೆ ಕಂಬಳಿಯಂತೆ ಹಿಡಿದಿಡುತ್ತದೆ.

ನ್ಯಾನೊ ಕಣಗಳ ಭರವಸೆ

ಇದಕ್ಕೆ ಪರಿಹಾರವಾಗಿ ಕೇಳಿಬರುತ್ತಿರುವ ಹೆಸರು ನ್ಯಾನೊಕಾಂಪೋಸಿಟ್. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕದಾದ ಸಿಲಿಕಾ, ಅಲ್ಯೂಮಿನಾ ಅಥವಾ ಮೆಗ್ನೀಷಿಯಂ ಆಕ್ಸೈಡ್ ಕಣಗಳನ್ನು ಪಾಲಿಮರ್‌ನಲ್ಲಿ ಅಲ್ಪ ಪ್ರಮಾಣದಲ್ಲಿ ಬೆರೆಸುವ ವಿಧಾನವಿದು. ಇದರ ತಾತ್ವಿಕ ಬುನಾದಿಯನ್ನು 1994ರಲ್ಲಿ ಟಿ.ಜೆ. ಲೂಯಿಸ್ ಹಾಕಿದರು. ಕಣ ಮತ್ತು ಪಾಲಿಮರ್ ಕೂಡುವ ಗಡಿಯಲ್ಲಿ ಎಲೆಕ್ಟ್ರಾನ್‌ಗಳು ಸಿಕ್ಕಿಬೀಳುತ್ತವೆ. ಅಣುಸರಪಳಿಗಳ ಕದಲಿಕೆಯೂ ತಗ್ಗುತ್ತದೆ. ಆದರೆ ಬಿಸಿ ಏರಿದಂತೆ ಸೆರೆಸಿಕ್ಕ ಎಲೆಕ್ಟ್ರಾನ್‌ಗಳು ತಪ್ಪಿಸಿಕೊಳ್ಳುತ್ತವೆ. ಹೀಗಾಗಿ ಕುಸಿತ ನಿಧಾನವಾದೀತೇ ಹೊರತು ನಿಲ್ಲದು. ಕಣಗಳು ಗಂಟುಕಟ್ಟಿದರೆ ಅಥವಾ ತೇವ ಹೀರಿದರೆ ಇದ್ದ ಬಲವೂ ಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂತನು ಸಿಂಘಾ ಮತ್ತು ಎಂ. ಜಾಯ್ ಥಾಮಸ್ 2008ರಲ್ಲಿ ಪ್ರಕಟಿಸಿದ ಎಪಾಕ್ಸಿ ಅಧ್ಯಯನ ಈ ಉತ್ಸಾಹಕ್ಕೆ ತಕ್ಕ ಲಗಾಮು. ನ್ಯಾನೊ ಎಪಾಕ್ಸಿಯ ಬ್ರೇಕ್‌ಡೌನ್ ತಾಳುವ ಬಲ ಬರಿ ಎಪಾಕ್ಸಿಗಿಂತ ಕಡಿಮೆಯೇ ಇತ್ತು. ಇನ್ನೊಂದೆಡೆ, ಬ್ರಿಟನ್ ಮತ್ತು ಬೆಲ್ಜಿಯಂ ನಡುವೆ 2019ರಲ್ಲಿ ಆರಂಭವಾದ 400 ಕಿಲೋವೋಲ್ಟ್ ಡಿಸಿ ಸಮುದ್ರ ಕೇಬಲ್ ‘ನೆಮೊ ಲಿಂಕ್’ನಲ್ಲಿ ಜಪಾನೀಯರು ರೂಪಿಸಿದ, ಸೂಕ್ಷ್ಮ ಅಜೈವಿಕ ಕಣ ಬೆರೆತ ಎಕ್ಸ್‌ಎಲ್‌ಪಿಇ ಕವಚವಿದೆ.

ಕೊಳವೆಬಾವಿಗೆ ಇಳಿಸುವ ಸಾಮಾನ್ಯ ಚಪ್ಪಟೆ ಕೇಬಲ್ ಮಾತ್ರ ಪಿವಿಸಿಯದೇ. ಅದನ್ನು ಕೊಳ್ಳುವಾಗ ಒಂದು ಅಳತೆ ದಪ್ಪನೆಯದನ್ನು ಆರಿಸಿಕೊಳ್ಳುವುದು, ಉಳಿದ ಉದ್ದವನ್ನು ಸುರುಳಿ ಸುತ್ತಿ ಬಿಸಿಲಿನಲ್ಲಿ ಬಿಡದಿರುವುದು ರೈತರ ಕೈಯಲ್ಲೇ ಇರುವ ಉಪಾಯ. ಸುರುಳಿಯ ಒಳಪದರಗಳ ಶಾಖಕ್ಕೆ ಹೊರದಾರಿಯೇ ಇರುವುದಿಲ್ಲ.