ವಿಕ್ಟೋರಿಯಾಳ ತಾಯಿ ಯಾರು?

ಧಾರಾವಾಹಿ ನೋಡುವ ಹೆಂಗಸರನ್ನು ಕಂಡು ನಗುವವರಿಗೆ ಒಂದು ವಿಷಯ ಗೊತ್ತಿಲ್ಲ. ಕಥೆ ಬರೆದವರು ಮರೆತದ್ದು ನಮಗೆ ನೆನಪಿರುತ್ತದೆ. ದೊಡ್ಡ ಸೊಸೆ ಅಡವಿಟ್ಟ ಬಳೆ ಏನಾಯಿತು, ಮುಂಬಯಿಗೆ ಹೋದ ಮೈದುನ ಮತ್ತೆ ಬರಲೇ ಇಲ್ಲವಲ್ಲ ಎಂದು ಸೊಪ್ಪು ಸೋಸುತ್ತಾ ಕೇಳುವವರು ನಾವು. ಉತ್ತರ ಹೇಳಬೇಕಾದವರು ಆ ಹೊತ್ತಿಗೆ ಇನ್ಯಾವುದೋ ಕಥೆ ಹಿಡಿದುಕೊಂಡು ಎಲ್ಲಿಗೋ ಹೊರಟುಹೋಗಿರುತ್ತಾರೆ.

ಇದು ನಮ್ಮಲ್ಲಿ ಮಾತ್ರ ಇರುವ ಕಾಯಿಲೆ ಎಂದುಕೊಂಡಿದ್ದೆ. ಅಮೆರಿಕದಲ್ಲಿ ಮಗಳ ಮನೆಯಲ್ಲಿ ಆರು ತಿಂಗಳಿದ್ದಾಗ ಪಕ್ಕದ ಮನೆಯಾಕೆ ಒಂದು ಹಳೆಯ ಧಾರಾವಾಹಿಯ ಡಿವಿಡಿಗಳನ್ನು ತಂದುಕೊಟ್ಟರು. ಹೆಸರು 'ಡಾರ್ಕ್ ಶ್ಯಾಡೋಸ್'. ಅವರು ಹುಡುಗಿಯಾಗಿದ್ದಾಗ ಶಾಲೆ ಬಿಟ್ಟೊಡನೆ ಪುಸ್ತಕದ ಚೀಲ ಹೊತ್ತು ಓಡೋಡಿ ಬಂದು ಇದನ್ನು ನೋಡುತ್ತಿದ್ದರಂತೆ. ಅಲ್ಲಿ ಮಧ್ಯಾಹ್ನದ ಧಾರಾವಾಹಿಗಳಿಗೆ 'ಸೋಪ್' ಎನ್ನುತ್ತಾರೆ. ಸಾಬೂನು ಕಂಪನಿಗಳು ಮನೆಯಲ್ಲಿರುವ ಹೆಂಗಸರಿಗಾಗಿ ದುಡ್ಡು ಹಾಕಿ ನಡೆಸುತ್ತಿದ್ದುದರಿಂದ ಬಂದ ಹೆಸರು. ಇದೂ ಅಂಥದ್ದೇ. ಆದರೆ ಇಲ್ಲಿ ಅಡುಗೆಮನೆಯ ಜಗಳವಿಲ್ಲ. ಸಮುದ್ರದಂಚಿನ ಗುಡ್ಡದ ಮೇಲೆ ಹಳೆಯ ಬಂಗಲೆ, ಬೀಗ ಹಾಕಿದ ಕೋಣೆಗಳು, ಮಂಜು, ಮೇಣದ ಬತ್ತಿ. ಇಂಗ್ಲಿಷಿನವರು ಗೋಥಿಕ್ ಎನ್ನುವ ಜಾತಿಯ ಕಥೆ. 'ಜೇನ್ ಐರ್' ಓದಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಎಬಿಸಿ ವಾಹಿನಿಯಲ್ಲಿ 1966ರ ಜೂನ್ 27ರಂದು ಶುರುವಾಗಿ 1971ರ ಏಪ್ರಿಲ್ 2ಕ್ಕೆ ಮುಗಿಯಿತು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ, ಒಟ್ಟು 1225 ಕಂತು. ನಿರ್ಮಾಪಕ ಡ್ಯಾನ್ ಕರ್ಟಿಸ್. ರೈಲಿನಲ್ಲಿ ಒಬ್ಬಳೇ ಕೂತು ಎಲ್ಲಿಗೋ ಹೊರಟ ಹುಡುಗಿಯನ್ನು ಆತ ಕನಸಿನಲ್ಲಿ ಕಂಡನಂತೆ. ಕಥೆ ಹುಟ್ಟಿದ್ದು ಅಲ್ಲಿಂದ.

ಆ ಹುಡುಗಿಯೇ ವಿಕ್ಟೋರಿಯಾ ವಿಂಟರ್ಸ್. ನ್ಯೂಯಾರ್ಕಿನ ಅನಾಥಾಲಯದಲ್ಲಿ ಬೆಳೆದವಳು. ಹಸುಗೂಸಾಗಿದ್ದಾಗ ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟುಹೋಗಿದ್ದರು. ಮಗುವಿನ ಹೆಸರು ವಿಕ್ಟೋರಿಯಾ, ನನ್ನಿಂದ ಸಾಕಲಾಗದು ಎಂಬ ಅರ್ಥದ ಚೀಟಿ ಮಾತ್ರ ಜೊತೆಗಿತ್ತು. ಸಿಕ್ಕಿದ್ದು ಚಳಿಗಾಲದಲ್ಲಾದ್ದರಿಂದ ಅನಾಥಾಲಯದವರು ಚಳಿಗಾಲವನ್ನೇ ಮನೆತನದ ಹೆಸರಾಗಿ ಅಂಟಿಸಿದರು. ಅವಳು ಬೆಳೆಯುತ್ತಿದ್ದಾಗ ತಿಂಗಳು ತಿಂಗಳೂ ಮೇಯ್ನ್ ರಾಜ್ಯದ ಬ್ಯಾಂಗರ್ ಊರಿನಿಂದ ಹೆಸರಿಲ್ಲದ ಲಕೋಟೆಯಲ್ಲಿ 50 ಡಾಲರ್ ಬರುತ್ತಿತ್ತು. ಈಗ ಅದೇ ಮೇಯ್ನ್ ರಾಜ್ಯದ ಕಾಲಿನ್ಸ್‌ಪೋರ್ಟ್ ಎಂಬ ಊರಿನ ಬಂಗಲೆಯಿಂದ, ತಾನೆಂದೂ ಅರ್ಜಿ ಹಾಕದ ಕೆಲಸಕ್ಕೆ ಕರೆ ಬಂದಿದೆ. ಡೇವಿಡ್ ಎಂಬ ಹುಡುಗನಿಗೆ ಪಾಠ ಹೇಳಿಕೊಡಬೇಕು. ಇವರಿಗೆ ನನ್ನ ಹೆಸರು ಹೇಗೆ ಗೊತ್ತು, ನಾನು ಯಾರ ಮಗಳು? ಈ ಎರಡು ಪ್ರಶ್ನೆ ಇಟ್ಟುಕೊಂಡು ಅವಳು ರೈಲು ಹತ್ತಿದಳು. ಮೊದಲ ಒಂದು ವರ್ಷ ಕಂತು ಶುರುವಾಗುತ್ತಿದ್ದುದೇ ಅವಳ ದನಿಯಿಂದ.

ಬಂಗಲೆಯ ಯಜಮಾನಿ ಎಲಿಜಬೆತ್. ಹಳೆಯ ಹಾಲಿವುಡ್ ತಾರೆ ಜೋನ್ ಬೆನೆಟ್ ಆ ಪಾತ್ರ ಮಾಡಿದ್ದರು. ಗಂಡ ಪಾಲ್ ಕಾಣೆಯಾದಂದಿನಿಂದ 18 ವರ್ಷ ಹೊಸಿಲು ದಾಟದ ಹೆಂಗಸು. ವಿಕ್ಟೋರಿಯಾ ಏನು ಕೇಳಿದರೂ ಆಕೆಯ ಮುಖದಲ್ಲಿ ಏನೋ ಹಾದುಹೋಗುತ್ತದೆ, ಬಾಯಲ್ಲಿ ಮಾತ್ರ ಬರುವುದಿಲ್ಲ. ಬೆನೆಟ್‌ಗೂ ವಿಕ್ಟೋರಿಯಾ ಆದ ಅಲೆಕ್ಸಾಂಡ್ರಾ ಮೋಲ್ಟ್‌ಕೆಗೂ ಮುಖದ ಹೋಲಿಕೆ ಇದ್ದುದರಿಂದ, ನೋಡುವವರೆಲ್ಲ ಇವಳೇ ತಾಯಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟರು.

ಆ ಮೊದಲ ತಿಂಗಳುಗಳಲ್ಲಿ ಕಥೆ ಎಷ್ಟು ಎಳೆ ಹಾಕಿಕೊಂಡಿತ್ತು ಎನ್ನುತ್ತೀರಿ! ವಿಕ್ಟೋರಿಯಾ ಬಂದ ರೈಲಿನಲ್ಲೇ ಬರ್ಕ್ ಡೆವ್ಲಿನ್ ಎಂಬಾತನೂ ಇಳಿಯುತ್ತಾನೆ. ಹತ್ತು ವರ್ಷದ ಹಿಂದಿನ ಕಾರು ಅಪಘಾತದ ತಪ್ಪನ್ನು ಎಲಿಜಬೆತ್‌ಳ ತಮ್ಮ ರೋಜರ್ ಇವನ ತಲೆಗೆ ಕಟ್ಟಿ ಜೈಲಿಗೆ ಕಳಿಸಿರುತ್ತಾನೆ. ಇಡೀ ಮನೆತನವನ್ನು ಮಣ್ಣುಮಾಡುತ್ತೇನೆಂದು ಬಂದ ಬರ್ಕ್, ತಿಂಗಳುಗಟ್ಟಲೆ ಹಗೆ ಸಾಧಿಸಿ, ಕಡೆಗೆ ಒಂದು ದಿನ ಹೋಗಲಿ ಬಿಡು ಎಂಬಂತೆ ಕೈಬಿಡುತ್ತಾನೆ. ಆಮೇಲೆ ವಿಕ್ಟೋರಿಯಾಳನ್ನೇ ಮದುವೆಯಾಗಲು ಹೊರಟವನು ಬ್ರೆಜಿಲ್‌ನಲ್ಲಿ ವಿಮಾನ ಬಿದ್ದು ಹೋದನೆಂಬ ಸುದ್ದಿ ಬರುತ್ತದೆ. ನನ್ನ ಪಕ್ಕದ ಮನೆಯಾಕೆ ಈಗಲೂ ಅವನು ಬಂದಾನು ಎಂದು ಕಾಯುತ್ತಿದ್ದಾರೆ.

ಬರ್ಕ್‌ನ ಪೆನ್ನಿನದು ಇನ್ನೊಂದು ಗೋಳು. ಬಿಲ್ ಮಲೋಯ್ ಎಂಬಾತ ಸತ್ತ ಮೇಲೆ ಕಡಲ ದಂಡೆಯಲ್ಲಿ ವಿಕ್ಟೋರಿಯಾಗೆ ಬೆಳ್ಳಿಯ ಕುಸುರಿ ಕೆಲಸದ ಒಂದು ಪೆನ್ನು ಸಿಗುತ್ತದೆ. ಆ ಪೆನ್ನನ್ನು ಕದಿಯುವುದು, ಹೂಳುವುದು, ಹುಡುಕುವುದು, ಅದರ ಬಗ್ಗೆ ಮಾತಾಡುವುದು. ನಮ್ಮಲ್ಲಿ ಕರಿಮಣಿ ಸರ ಕಳೆದರೂ ಇಷ್ಟು ಮಾತಾಡುವುದಿಲ್ಲ. ಕೊನೆಗೆ ನೋಡಿದರೆ ಕೊಂದವನು ಮನೆಯ ಕಾವಲುಗಾರ ಮ್ಯಾಥ್ಯೂ, ಪೆನ್ನಿಗೂ ಕೊಲೆಗೂ ಸಂಬಂಧವೇ ಇಲ್ಲ! ಪಾಠ ಹೇಳಿಸಿಕೊಳ್ಳಬೇಕಾದ ಡೇವಿಡ್ ಅಪ್ಪನ ಕಾರಿನ ಬ್ರೇಕಿನ ಭಾಗವೊಂದನ್ನು ಬಿಚ್ಚಿ ಅವನನ್ನು ಸಾಯಿಸಲು ನೋಡುತ್ತಾನೆ. ಸ್ವಲ್ಪ ದಿನ ಗದ್ದಲ, ಮುಂದೆ ಅದು ನಡೆದೇ ಇಲ್ಲವೇನೋ ಎಂಬಂತೆ ಎಲ್ಲರೂ ಅವನಿಗೆ ಹಾಲು ಕುಡಿಸುತ್ತಾರೆ.

ಇವೆಲ್ಲ ಹೋಗಲಿ. ನನಗೆ ತಡೆಯಲಾಗದ್ದು ಒಂದು ಚಿತ್ರ. ಊರಿನ ಕುಡುಕ ಚಿತ್ರಗಾರ ಸ್ಯಾಮ್ ಇವಾನ್ಸ್‌ನ ಮನೆಯಲ್ಲಿ ವಿಕ್ಟೋರಿಯಾ ಹಳೆಯ ಚಿತ್ರವೊಂದನ್ನು ನೋಡುತ್ತಾಳೆ, ನೋಡಿದರೆ ತನ್ನದೇ ಮುಖ. ಬೆಟ್ಟಿ ಹ್ಯಾನ್ಸ್‌ಕಾಂ ಎಂಬ ಊರಿನ ಹುಡುಗಿಯದು, ವರ್ಷಗಳ ಹಿಂದೆ ಬರೆದದ್ದು ಎನ್ನುತ್ತಾನೆ ಆತ. ಅವಳ ಎದೆ ಹೊಡೆದುಕೊಳ್ಳುವುದು ನಮಗೂ ಕೇಳಿಸುತ್ತದೆ. ಒಂದಷ್ಟು ದಿನ ವಿಚಾರಣೆ ನಡೆಯುತ್ತದೆ, ಅಷ್ಟೆ. ಮುಂದೆ ಬೆಟ್ಟಿಯ ಸುದ್ದಿ ಎತ್ತಿದವರಿಲ್ಲ.

ಯಾಕೆ ಹೀಗಾಯಿತು? ಒಂದು ಕಾರಣ ಬಾರ್ನಬಸ್. 1967ರ ಹೊತ್ತಿಗೆ ನೋಡುವವರು ಸಾಲದೆ ಧಾರಾವಾಹಿ ನಿಲ್ಲುವ ಹಂತಕ್ಕೆ ಬಂದಿತ್ತು. ಇನ್ನಷ್ಟು ಭಯ ಹುಟ್ಟಿಸು ಎಂದು ಮನೆಯ ಮಕ್ಕಳೇ ಹೇಳಿದರು ಎಂದು ಕರ್ಟಿಸ್ ಹೇಳಿಕೊಂಡದ್ದುಂಟು. ಏಪ್ರಿಲ್‌ನಲ್ಲಿ ವಿಲ್ಲಿ ಎಂಬ ಪುಂಡ ಒಡವೆಯ ಆಸೆಗೆ ಮನೆತನದ ಸಮಾಧಿಯಲ್ಲಿ ಸರಪಳಿ ಬಿಗಿದ ಶವಪೆಟ್ಟಿಗೆಯ ಮುಚ್ಚಳ ತೆರೆದ, ಒಳಗಿನಿಂದ ಕೈಯೊಂದು ಬಂತು. ಮಾರನೆಯ ದಿನ ಇಂಗ್ಲೆಂಡಿನ ನೆಂಟ ಎಂದು ಹೇಳಿಕೊಂಡು ಬಾರ್ನಬಸ್ ಕಾಲಿನ್ಸ್ ಬಾಗಿಲಲ್ಲಿ ನಿಂತಿದ್ದ. ರಕ್ತ ಹೀರುವ ಪ್ರೇತ. ಕೆಲವು ವಾರ ಇದ್ದು ಹೋಗಬೇಕಾದ ಪಾತ್ರ ವರ್ಷಗಟ್ಟಲೆ ಹೋಗಲಿಲ್ಲ. ಜೋನಥನ್ ಫ್ರಿಡ್‌ಗೆ ಕಾಗದಗಳ ರಾಶಿ ಬಂತು, ಮಕ್ಕಳು ಹುಚ್ಚಾದರು. ಆತ ಚೆನ್ನಾಗಿಯೇ ಮಾಡಿದ್ದಾನೆ, ಇಲ್ಲವೆನ್ನುವುದಿಲ್ಲ. ತನ್ನ ಪಾಪಕ್ಕೆ ತಾನೇ ನಾಚುವ ಪ್ರೇತವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಆ ನೆಂಟ ಬಂದ ದಿನದಿಂದ ಮನೆಯ ಹುಡುಗಿಯ ಪ್ರಶ್ನೆ ಮೂಲೆ ಸೇರಿತು.

ಇನ್ನೊಂದು ಕಾರಣ ಕೆಲಸದ ರೀತಿ. ಮೊದಲ ಕಥೆಯ ನಕ್ಷೆ ಹಾಕಿದ ಆರ್ಟ್ ವಾಲೇಸ್ ಕೆಲವೇ ತಿಂಗಳಲ್ಲಿ ಬಿಟ್ಟುಹೋದರು. ರಾನ್ ಸ್ಪ್ರೋಟ್, ಗಾರ್ಡನ್ ರಸೆಲ್, ಸ್ಯಾಮ್ ಹಾಲ್ ಹೀಗೆ ಬರೆಯುವ ಕೈಗಳು ಬದಲಾದವು. ದಿನಕ್ಕೊಂದು ಕಂತು ಎಂದರೆ ನಿತ್ಯ ಹಬ್ಬದಡುಗೆ ಮಾಡಿದ ಹಾಗೆ. ನಿನ್ನೆಯ ಪಾತ್ರೆ ತೊಳೆಯಲು ಪುರುಸೊತ್ತಿಲ್ಲ. ಟೇಪ್ ಕತ್ತರಿಸಿ ಜೋಡಿಸುವುದು ದುಬಾರಿಯಾದ್ದರಿಂದ ನಾಟಕದಂತೆ ಒಂದೇ ಓಟಕ್ಕೆ ಚಿತ್ರೀಕರಿಸುತ್ತಿದ್ದರು. ಮಾತು ಮರೆತು ತಡವರಿಸುವ ನಟರು, ಗೋಡೆಯ ಮೇಲೆ ಮೈಕಿನ ನೆರಳು ಎಲ್ಲವೂ ಹಾಗೆಯೇ ಉಳಿದಿವೆ. ನಮ್ಮ ತಾಯಂದಿರು ವಾರಪತ್ರಿಕೆಯ ಧಾರಾವಾಹಿ ಕಾದಂಬರಿಯ ಹಾಳೆಗಳನ್ನು ಬಿಡಿಸಿ, ದಾರದಿಂದ ಹೊಲಿದು, ಪುಸ್ತಕ ಮಾಡಿಟ್ಟುಕೊಳ್ಳುತ್ತಿದ್ದರಲ್ಲ, ಅವರು ಬೇಕೆಂದಾಗ ಹಿಂದಿನ ಹಾಳೆ ತಿರುವಿ ಲೇಖಕಿಯ ತಪ್ಪು ಹಿಡಿಯಬಹುದಿತ್ತು. ಟಿ.ವಿ.ಯಲ್ಲಿ ಆ ಕಾಲದಲ್ಲಿ ನೋಡಿದ್ದು ಹೋಯಿತೆಂದರೆ ಹೋಯಿತು. ಕೇಳುವವರ ಕೈಯಲ್ಲಿ ಸಾಕ್ಷಿ ಇರಲಿಲ್ಲ.

ಒಂದು ಎಳೆಯನ್ನು ಮಾತ್ರ ಕಟ್ಟಿದರು. ಗಂಡನನ್ನು ತಾನೇ ಕೊಂದು ನೆಲಮಾಳಿಗೆಯಲ್ಲಿ ಹೂಳಿಸಿದ್ದೇನೆ ಎಂಬ ಹೆದರಿಕೆಯಿಂದ ಎಲಿಜಬೆತ್ ಮನೆಬಿಟ್ಟು ಕದಲುತ್ತಿರಲಿಲ್ಲ. ಜೇಸನ್ ಎಂಬ ಹಳೆಯ ಪರಿಚಿತ ಆ ಗುಟ್ಟಿನಿಂದಲೇ ಅವಳನ್ನು ಹಿಂಡುತ್ತಿದ್ದ. 1967ರಲ್ಲಿ ಅಗೆದು ನೋಡಿದರೆ ಪೆಟ್ಟಿಗೆ ಖಾಲಿ, ಗಂಡ ಸತ್ತೇ ಇಲ್ಲ! ಹದಿನೆಂಟು ವರ್ಷ ಒಂದು ಖಾಲಿ ಪೆಟ್ಟಿಗೆಯ ಕಾವಲು.

ವಿಕ್ಟೋರಿಯಾ ಏನಾದಳು? 1967ರ ನವೆಂಬರ್‌ನಲ್ಲಿ ಮನೆಯವರೆಲ್ಲ ಮೇಜಿನ ಸುತ್ತ ಕೂತು ಪ್ರೇತವನ್ನು ಕರೆಯುವಾಗ ಅವಳು ಮಾಯವಾಗಿ 1795ಕ್ಕೆ ಹೋಗಿ ಬೀಳುತ್ತಾಳೆ. ಅಲ್ಲಿ ಮಾಟಗಾತಿ ಎಂದು ನೇಣಿಗೇರಿಸುವಲ್ಲಿಯವರೆಗೆ ಹೋಗುತ್ತದೆ. ಧಾರಾವಾಹಿಯ ಅತ್ಯಂತ ಸೊಗಸಾದ ಭಾಗ ಇದೇ. ತಮಾಷೆಯೆಂದರೆ ಬಾರ್ನಬಸ್ ಯಾರ ಮಗ, ಯಾರ ಶಾಪದಿಂದ ಹೀಗಾದ ಎಂಬುದೆಲ್ಲ ಅವಳ ಕಣ್ಣೆದುರಿಗೇ ತಿಳಿಯುತ್ತದೆ. ಅವಳ ವಿಷಯ ಮಾತ್ರ ಅವಳಿಗೆ ಯಾರೂ ಹೇಳುವುದಿಲ್ಲ. 1968ರಲ್ಲಿ ಮೋಲ್ಟ್‌ಕೆ ಬಸುರಿಯಾಗಿ ಕೆಲಸ ಬಿಟ್ಟರು. ಬೇರೆ ಇಬ್ಬರು ನಟಿಯರಿಂದ ಕೆಲವು ಕಂತು ನಡೆಸಿ, ವಿಕ್ಟೋರಿಯಾಳನ್ನು ಹಳೆಯ ಶತಮಾನಕ್ಕೇ ಕಳಿಸಿ ಕೈತೊಳೆದುಕೊಂಡರು.

1969ರ ಕೊನೆಯಲ್ಲಿ ಪಾಲ್ ಸ್ಟಾಡರ್ಡ್ ಜೀವಂತ ತಿರುಗಿ ಬರುತ್ತಾನೆ. ಜೇಸನ್ ಆಗಿದ್ದ ಡೆನಿಸ್ ಪ್ಯಾಟ್ರಿಕ್ ಎಂಬ ನಟನೇ ಈಗ ಪಾಲ್! ಅದನ್ನು ಕ್ಷಮಿಸೋಣ. ಆರ್ಟ್ ವಾಲೇಸ್ ಮೊದಲು ಬರೆದಿಟ್ಟ ನಕ್ಷೆಯಲ್ಲಿ ವಿಕ್ಟೋರಿಯಾ ಈ ಪಾಲ್‌ಗೆ ಬೇರೆ ಹೆಂಗಸಿನಲ್ಲಿ ಹುಟ್ಟಿದ ಮಗಳು. ಉತ್ತರ ಹೊತ್ತ ಮನುಷ್ಯ ತಾನಾಗಿ ಮನೆಗೆ ಬಂದಿದ್ದಾನೆ. ಕೇಳಬೇಕಾದ ಹುಡುಗಿ ಇಲ್ಲ, ಅವಳ ಪರವಾಗಿ ಕೇಳುವವರೂ ಇಲ್ಲ. ಆತ ಬಂದಷ್ಟೇ ಬೇಗ ಸತ್ತೂ ಹೋದ. ಡಿವಿಡಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನನ್ನ ತಾಯಿಯ ತವರಿನಲ್ಲಿ ಒಬ್ಬಾಕೆ ಇದ್ದರು. ನಾವೆಲ್ಲ ಚಿಕ್ಕಿ ಎನ್ನುತ್ತಿದ್ದೆವು. ಯಾರ ತಂಗಿ ಎಂದು ಕೇಳಿದರೆ ಅಜ್ಜಿ, "ದೀಪ ಹಚ್ಚುವ ಹೊತ್ತಲ್ಲಿ ಎಂಥ ಮಾತು" ಎಂದು ಗದರುತ್ತಿದ್ದರು. ಬೆಳಿಗ್ಗೆ ಕೇಳಿದರೂ ಅದೇ ಉತ್ತರ. ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ಮೀಯಿಸಿದವರು, ಹಪ್ಪಳ ಒತ್ತಿದವರು, ಬಾಣಂತನ ಮಾಡಿದವರು ಅವರೇ. 1974ರಲ್ಲಿ ತೀರಿಕೊಂಡಾಗ ಪುರೋಹಿತರು ಗೋತ್ರ ಯಾವುದು ಎಂದು ಕೇಳಿದರು. ಗಂಡಸರು ಮುಖ ಮುಖ ನೋಡಿಕೊಂಡರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಎನ್ನುವುದುಂಟಲ್ಲ, ಹಾಗೇ ಅಂದು ಮುಗಿಸಿದರು. ಅಜ್ಜಿಗೆ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಒಳಮನೆಯಲ್ಲಿದ್ದ ಅವರನ್ನು ಯಾರೂ ಕೇಳಲಿಲ್ಲ.

ವಿಕ್ಟೋರಿಯಾಳ ಪಾಲಿಗೆ ಮರೆವು ಅಲ್ಲಿಗೂ ನಿಲ್ಲಲಿಲ್ಲ. 1970ರ ದಶಕದಲ್ಲಿ ಮರುಪ್ರಸಾರಕ್ಕೆ ಕೊಟ್ಟಾಗ ಬಾರ್ನಬಸ್ ಬರುವಲ್ಲಿಂದ, ಅಂದರೆ 210ನೆಯ ಕಂತಿನಿಂದ ಕೊಟ್ಟರು. ರೈಲು, ಚೀಟಿ, ಚಿತ್ರ ಎಲ್ಲ ಹಿಂದೆ ಉಳಿದವು. ಡಿವಿಡಿ ತಂದವರೂ ಮೊದಲು ಅಲ್ಲಿಂದಲೇ ತಂದರು, ಆರಂಭದ ಕಂತುಗಳು ಆಮೇಲೆ ಬಂದವು. 1991ರಲ್ಲಿ ಎನ್‌ಬಿಸಿ ಹೊಸದಾಗಿ ಮಾಡಿದ್ದು 12 ಕಂತಿಗೇ ನಿಂತಿತು. 2012ರ ಟಿಮ್ ಬರ್ಟನ್ ಸಿನಿಮಾದಲ್ಲಂತೂ ವಿಕ್ಟೋರಿಯಾ ವಿಂಟರ್ಸ್ ಎಂಬುದು ಹುಡುಗಿ ರೈಲಿನಲ್ಲಿ ಭಿತ್ತಿಚಿತ್ರ ನೋಡಿ ಇಟ್ಟುಕೊಂಡ ಸುಳ್ಳು ಹೆಸರು. ಅವಳಿಗೆ ಅಪ್ಪ ಅಮ್ಮ ಇದ್ದಾರೆ, ಅವರೇ ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸಿದವರು. ಪ್ರಶ್ನೆಗೆ ಉತ್ತರ ಹುಡುಕುವ ಬದಲು ಪ್ರಶ್ನೆಯನ್ನೇ ತೆಗೆದುಹಾಕಿದರು.

ಪಕ್ಕದ ಮನೆಯಾಕೆಗೆ ಎಲಿಜಬೆತ್‌ಳೇ ತಾಯಿ, ಬೇರೆ ಮಾತಿಲ್ಲ. ನನಗೆ ವಾಲೇಸ್ ಬರೆದದ್ದೇ ಸರಿ ಎನ್ನಿಸುತ್ತದೆ. ಸ್ವಂತ ಮಗಳಾಗಿದ್ದರೆ ಅವಳನ್ನು ಮನೆಗೆ ಕರೆಸಲು ಇಷ್ಟು ವರ್ಷ ಕಾಯುತ್ತಿದ್ದಳೇ? ಗಂಡನನ್ನು ಕೊಂದೆನೆಂದು ನಂಬಿದ ಹೆಂಗಸು ಅವನ ಮಗುವಿಗೆ ತಿಂಗಳು ತಪ್ಪದೆ ದುಡ್ಡು ಕಳಿಸುವುದು ನನಗೆ ಅರ್ಥವಾಗುತ್ತದೆ. ಹಾಗೆಂದೆ. ಆಕೆ ಕಾಫಿ ಲೋಟ ಕೆಳಗಿಟ್ಟು, ಹದಿನೆಂಟು ವರ್ಷ ಗೇಟು ದಾಟದವಳ ದುಡ್ಡನ್ನು ಬ್ಯಾಂಗರ್‌ಗೆ ಹೋಗಿ ಅಂಚೆಗೆ ಹಾಕುತ್ತಿದ್ದವರು ಯಾರು ಹೇಳಿ ನೋಡೋಣ ಎಂದರು. ನಾವಿಬ್ಬರೂ ಮತ್ತೆ ಮೊದಲ ಡಿವಿಡಿ ಹಾಕಿ ಕೂತೆವು.