ಕ್ರ್ಯಾನ್‌ಬರಿ ಡೈರಿ – 14: ಬೀರುವಿನಲ್ಲಿದ್ದ ಪುಸ್ತಕ

ಹೋದ ವಾರದ ಪೋಸ್ಟ್ ಓದಿ ಚಿಕ್ಕಮ್ಮ ಫೋನ್ ಮಾಡಿದ್ದರು. "ಮುಟ್ಟಿನ ವಿಷಯವನ್ನೆಲ್ಲ ಊರಿಗೇ ಕಾಣೋ ಹಾಗೆ ಬರೀಬೇಕೇನೇ?" ಅಂದರು. ಅದಕ್ಕೇ ಈ ಸಲ ಸ್ವಲ್ಪ ಇತಿಹಾಸ.

ನಾನಿರುವ ಕ್ರ್ಯಾನ್‌ಬರಿಯ ಸುತ್ತಮುತ್ತ ಔಷಧ ಕಂಪನಿಗಳು ಬಹಳ. ಅಲ್ಲಿ 'ಮೆಡಿಕಲ್ ರೈಟರ್' ಅಂತಲೇ ಒಂದು ಕೆಲಸ ಇದೆ. ಔಷಧ ಪರೀಕ್ಷೆಯ ವರದಿ, ವೈದ್ಯಕೀಯ ಲೇಖನ ಬರೆದುಕೊಡುವುದು. ಇವರ ಅಮೆರಿಕದ ಸಂಘ 1940ರಲ್ಲಿ ವೈದ್ಯ ಪತ್ರಿಕೆಗಳ ಸಂಪಾದಕರಿಂದ ಶುರುವಾಯಿತು. ಇವತ್ತು ಅದರಲ್ಲಿ ಹೆಂಗಸರೇ ಹೆಚ್ಚು. ಆದರೆ ಲೇಖನದ ಮೇಲೆ ಡಾಕ್ಟರುಗಳ ಹೆಸರಿರುತ್ತೆ. ಬರೆದುಕೊಟ್ಟವಳ ಹೆಸರು ಎಷ್ಟೋ ಸಲ ಕೊನೆಯ ಕೃತಜ್ಞತೆಯ ಸಾಲಿನಲ್ಲಿ.

ಕನ್ನಡದಲ್ಲಿ ಇದು ಉಲ್ಟಾ. ವೈದ್ಯ ಸಾಹಿತ್ಯ ಅಂದರೆ ಮೊದಲು ನೆನಪಾಗುವವರು ಗಂಡಸರು. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್. ಬರೆದ ಹೆಂಗಸರು ಕಡಿಮೆ, ಆದರೆ ಬರೆದವರ ಹೆಸರು ಮುಖಪುಟದ ಮೇಲೇ ಇತ್ತು.

ಅವರಲ್ಲಿ ದೊಡ್ಡ ಹೆಸರು ತೀರ್ಥಹಳ್ಳಿಯ ಡಾ. ಅನುಪಮಾ ನಿರಂಜನ (1934–1991). 'ದಿನಕ್ಕೊಂದು ಕಥೆ' ನಿಮಗೆಲ್ಲ ಗೊತ್ತು. ಅವರೇ 'ತಾಯಿ-ಮಗು', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ' ಬರೆದದ್ದು. 1970ರಲ್ಲಿ ಬಾಸ್ಟನ್ನಿನ ಕೆಲವು ಹೆಂಗಸರು ತಮ್ಮ ದೇಹದ ಬಗ್ಗೆ ತಾವೇ ಬರೆದು, ಆ ಪುಸ್ತಿಕೆಯನ್ನು 75 ಸೆಂಟಿಗೆ ಮಾರಿದ್ದನ್ನು ಇಲ್ಲಿ ದೊಡ್ಡ ಇತಿಹಾಸ ಅಂತ ಹೇಳುತ್ತಾರೆ. ನಮ್ಮಲ್ಲೂ ಒಬ್ಬ ಡಾಕ್ಟರಮ್ಮ ಆ ಕೆಲಸ ಮಾಡಿದ್ದರು.

ಮನಸ್ಸಿನ ವಿಷಯ ಗಂಡಸರಿಗೆ, ಬಸಿರು ಬಾಣಂತನ ಹೆಂಗಸರಿಗೆ ಅಂತ ಹಂಚಿಬಿಟ್ಟರೆ ಅದು ಸಮಾನತೆ ಅಲ್ಲ, ಒಪ್ಪುತ್ತೇನೆ. ಆದರೆ ಡಾಕ್ಟರ ಎದುರು ಬಾಯಿಬಿಡಲು ನಾಚುವ ಹೆಂಗಸಿಗೆ, ಇನ್ನೊಬ್ಬ ಹೆಂಗಸು ಬರೆದ ಪುಟವೇ ಉತ್ತರ. ವಾರ್ಡಿನಲ್ಲಿ ದಿನಾ ನೋಡುತ್ತೇನೆ, ಎಷ್ಟೋ ಜನ ಡಾಕ್ಟರು ಆಚೆ ಹೋದ ಮೇಲೆ ನನ್ನನ್ನು ಕರೆದು ನಿಜವಾದ ಪ್ರಶ್ನೆ ಕೇಳುತ್ತಾರೆ.

ನಾನು ದೊಡ್ಡವಳಾದಾಗ ಅಮ್ಮ ಏನನ್ನೂ ವಿವರಿಸಲಿಲ್ಲ. ಬೀರುವಿನಲ್ಲಿ ಸೀರೆಗಳ ಅಡಿಯಿಂದ 'ಕೇಳು ಕಿಶೋರಿ' ತೆಗೆದು ಕೈಗಿಟ್ಟು, "ಓದಿ ಅಲ್ಲೇ ಇಡು" ಅಂದರು. ಮೊದಲ ಪುಟದಲ್ಲಿ ದುಂಡು ಅಕ್ಷರದಲ್ಲಿ ಒಂದು ಹೆಸರಿತ್ತು.

ಚಿಕ್ಕಮ್ಮಾ, ಅದು ನಿಮ್ಮದೇ ಹೆಸರು. ಅದಕ್ಕೇ ಬರೀತಿದ್ದೇನೆ.

ನಿಮ್ಮ ಮನೆಯ ಬೀರುವಿನಲ್ಲಿ ಯಾವ ಪುಸ್ತಕ ಇತ್ತು? ಕೆಳಗೆ ಬರೆಯಿರಿ.